ಹತ್ತೂವರೆಯ ಹಾಳೆಗಳು

ನೊಯೇಲಿ ಕುನ್ರಾತ್ ರಬ್ಬರ್ ಹಾಳೆ ಮಾಡುತ್ತಿದ್ದಳು, ನಾನು, ಇರಿನೇವು, ಅದನ್ನು ಹರಿದು ನೋಡುತ್ತಿದ್ದೆ. ಸಪಿರಂಗ ಊರಿನ ಚಪ್ಪಲಿ ಅಟ್ಟೆಯ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ನಮ್ಮಿಬ್ಬರ ಸಂಬಂಧ ಇಷ್ಟೇ. ಅವಳು ಎರಡು ಉರುಳೆಗಳ ನಡುವೆ ರಬ್ಬರ್ ಅರೆದು ಹಾಳೆ ಕಳಿಸುವಳು. ನಾನು ಅದನ್ನು ಯಂತ್ರದ ದವಡೆಗೆ ಸಿಕ್ಕಿಸಿ, ಎಷ್ಟು ಎಳೆದರೆ ಹರಿಯುತ್ತದೆಂದು ಬರೆದಿಡುವೆ. ಹರಿದ ತುಂಡು ನೋಡಲು ಅವಳೇ ಓಡಿ ಬರುತ್ತಿದ್ದಳು. ತಾನು ಮಾಡಿದ್ದು ಹಾಳಾದದ್ದನ್ನು ಅಷ್ಟು ಆಸೆಯಿಂದ ನೋಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಐವತ್ತಾರರ ಹೆಂಗಸು, ಓದಿದ್ದು ಐದನೇ ತರಗತಿ, ಬಾಯಿ ತೆರೆದರೆ ಪ್ರಶ್ನೆ. ಹೊಸ ಪ್ರಯೋಗಕ್ಕೆಂದು ಬಂದ ರಸಾಯನಶಾಸ್ತ್ರದ ಡಾಕ್ಟರ್ ಪೊಜ್ಜೆಬೋನ್ ಅವರಿಗೆ ಮೊದಲ ದಿನವೇ ಅದರ ಬಿಸಿ ತಟ್ಟಿತು. ಅವರು ತಂದದ್ದು ಎರಡೇ ಸಾಮಾನು: ಭತ್ತದ ಹೊಟ್ಟು ಸುಟ್ಟ ಬೂದಿಯಿಂದ ತೆಗೆದ ಬಿಳಿ ಸಿಲಿಕಾ ಪುಡಿ, ಮತ್ತು ಒಂದು ಸೀಸೆ ಅಯಾನಿಕ್ ದ್ರವ.

“ಇದು ಉಪ್ಪು,” ಎಂದರು ಸೀಸೆ ಅಲುಗಿಸಿ.

“ಎಣ್ಣೆ ಥರ ಕುಲುಕ್ತಿದೆ. ನೀರು ಹಾಕಿ ಕರಗ್ಸಿದ್ದಾ?” ಎಂದಳು ನೊಯೇಲಿ.

“ನೀರಿಲ್ಲಮ್ಮ. ಬರೀ ಉಪ್ಪೇ.”

“ಮತ್ಯಾಕೆ ಗಟ್ಟಿಯಾಗಲ್ಲ?”

“ಅದರ ಕಣಗಳು ದೊಡ್ಡವು, ಓರೆಕೋರೆ. ಒತ್ತಾಗಿ ಜೋಡಿಸ್ಕೊಂಡು ಕೂರಕ್ಕಾಗಲ್ಲ.”

“ನನ್ನ ಅತ್ತಿಗೆಯರ ಹಾಗೆ,” ಎಂದಳು.

ಸಿಲಿಕಾ ರಬ್ಬರಿಗೆ ಬಲ ಕೊಡುತ್ತದೆ ನಿಜ. ಆದರೆ ಅದಕ್ಕೆ ರಬ್ಬರಿಗಿಂತ ತನ್ನವರೇ ಹೆಚ್ಚು ಇಷ್ಟ, ಗಂಟುಗಂಟಾಗಿ ಕೂತುಬಿಡುತ್ತದೆ. ಈ ದ್ರವ ಅದರ ಮೈಗೆ ಸವರಿಕೊಂಡು, ಗಂಟು ಬಿಡಿಸಿ, ರಬ್ಬರಿನ ಜೊತೆ ಹೊಂದಿಸುತ್ತದೆ. ಮೊದಲ ವಾರದ ಹಾಳೆಗಳು ನನ್ನ ಯಂತ್ರವನ್ನೇ ಸುಸ್ತು ಮಾಡಿದವು.

ಆಮೇಲೆ ಏನಾಯಿತೋ. ಬೆಳಗಿನ ಹಾಳೆ ಗಟ್ಟಿ; ಹತ್ತೂವರೆಯಿಂದ ಊಟದ ಹೊತ್ತಿನವರೆಗಿನದರ ತುಂಬ ಸಣ್ಣ ಗುಳ್ಳೆ, ಎಳೆದರೆ ಹಳೇ ಬನಿಯನ್ನಿನಂತೆ ಪರ್ರನೆ ಹರಿಯುವುದು. ಮೂರು ವಾರ ಹೀಗೇ ನಡೆಯಿತು. ಡಾಕ್ಟರು ಅವಳ ಕೈಯನ್ನೇ ಅನುಮಾನಿಸಿದರು. ವಯಸ್ಸಾಯಿತು, ಬೇಗ ದಣಿಯುತ್ತಾಳೆ, ಸೋಮವಾರದಿಂದ ಉರುಳೆ ಬಿಟ್ಟು ಪ್ಯಾಕಿಂಗಿಗೆ ಹೋಗಲಿ ಎಂದರು. ನನಗೂ ಹಾಗೇ ಅನಿಸಿತ್ತು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವಳು ಅಳಲಿಲ್ಲ, ಜಗಳವಾಡಲಿಲ್ಲ. ನನ್ನ ಲೆಕ್ಕದ ಪುಸ್ತಕ ಕಸಿದುಕೊಂಡಳು. “ಕೈ ದಣಿದ್ರೆ ಸಂಜೆ ಐದಕ್ಕೂ ಕೆಡ್ಬೇಕಲ್ಲ, ಇರಿನೇವು? ಸಂಜೆ ಹಾಳೆ ನೋಡು, ಕಲ್ಲಿದ್ದ ಹಾಗಿದೆ.”

ಶುಕ್ರವಾರ ಹತ್ತು ಗಂಟೆಗೆ ಎಂದಿನಂತೆ ಶಿಮರಾವ್ ಕುಡಿಯುವ ಹೊತ್ತು. ಅದಿಲ್ಲದೆ ನಮ್ಮಲ್ಲಿ ಯಾರ ಕೈಯೂ ಏಳುವುದಿಲ್ಲ. ಒಂದೇ ಸೋರೆ ಬುರುಡೆಯಲ್ಲಿ ಹಸಿರು ಸೊಪ್ಪಿನ ಪುಡಿ, ಒಂದೇ ಕೊಳವೆ. ಡಾಕ್ಟರೂ ಸೇರಿ ಐವರು ಸರದಿಯಲ್ಲಿ ಹೀರುವುದು. ಬಿಸಿನೀರು ಹೊಯ್ದು ಕೊಡುವವಳು ನೊಯೇಲಿ. ಅಂದು ಬುರುಡೆ ನನ್ನ ಕೈಗಿಟ್ಟು ಸಿಲಿಕಾ ತೂಗಲು ಹೋದವಳು ಅಲ್ಲೇ ನಿಂತಳು. ಕನ್ನಡಕದ ಗಾಜು ಮಂಜಾಗಿತ್ತು. ಒರೆಸಿ ಹಾಕಿಕೊಂಡಳು, ಮತ್ತೆ ಮಂಜು. ಆಗ ಬಗ್ಗಿ ನೋಡಿದಳು. ಒಣಗಿಸಿ ತೆರೆದಿಟ್ಟ ಸಿಲಿಕಾ ತಟ್ಟೆಯ ನೇರ ಕೆಳಗಿನ ಹಲಗೆಯಲ್ಲಿ ನಮ್ಮ ಕೆಟಲ್ ಆವಿ ಬಿಡುತ್ತಾ ಕೂತಿತ್ತು. ಊಟದವರೆಗೂ ಅದು ದಿನಾ ಹಾಗೇ ಕೂತಿರುತ್ತಿತ್ತು; ಊಟದ ನಂತರ ಬರುತ್ತಿದ್ದುದು ಹೊಸದಾಗಿ ಒಣಗಿಸಿದ ತಟ್ಟೆ.

ಕಿಟಕಿ ಪಕ್ಕದ ಪ್ಲಗ್ ಸಡಿಲವಾಯಿತೆಂದು ಮೂರು ವಾರದ ಹಿಂದೆ ಕೆಟಲನ್ನು ಅಲ್ಲಿಗೆ ತಂದಿಟ್ಟವನು ನಾನೇ.

ಅವಳು ಆ ತಟ್ಟೆಯ ಪುಡಿಯಿಂದ ಒಂದು ಹಾಳೆ, ಮುಚ್ಚಿದ ಡಬ್ಬಿಯ ಪುಡಿಯಿಂದ ಇನ್ನೊಂದು ಹಾಳೆ ಮಾಡಿದಳು. ನನ್ನ ಯಂತ್ರದ ಮುಳ್ಳು ಎಂಟಕ್ಕೆ ಬಂದಾಗಲೇ ಮೊದಲನೆಯದು ಹರಿಯಿತು. ಎರಡನೆಯದು ಹದಿನೇಳರವರೆಗೆ ತಡೆಯಿತು. ಎರಡನ್ನೂ ಡಾಕ್ಟರ ಮುಂದಿಟ್ಟಳು.

“ಪುಡಿ ಆವಿ ಕುಡಿದಿದೆ, ಡಾಕ್ಟ್ರೇ. ಅಚ್ಚಲ್ಲಿ ಬೇಯ್ಸಿದಾಗ ಅದೇ ಗುಳ್ಳೆಯಾಗಿ ಏಳತ್ತೆ.”

ಡಾಕ್ಟರ ಮುಖ ಕೆಂಪಾಯಿತು. “ಅಲ್ಲಿ ಕೆಟಲ್ ಇಟ್ಟೋರ್ಯಾರು? ಮೂರು ವಾರದ ಕೆಲಸ ಹೋಯ್ತು. ಅಂಥೋರು ಈ ಕೋಣೇಲಿ ಇರ್ಬಾರ್ದು.”

“ನೀರು ಹೊಯ್ಯೋಳು ನಾನು,” ಎಂದಳು ನೊಯೇಲಿ. “ನೀರಿನ ಹೊಣೆ ನಂದು.”

ನಮ್ಮಲ್ಲಿ ಅದು ಒಪ್ಪುವ ಮಾತೇ. ನೀರು ಅತಿ ಬಿಸಿಯಾದರೂ ಆರಿದರೂ ಬೈಗುಳ ತಿನ್ನುವುದು ಹೊಯ್ದವರು. ಡಾಕ್ಟರು ತಲೆಯಾಡಿಸಿ, ಪ್ಯಾಕಿಂಗಿಗೆ ಕಳಿಸುವ ಕಾಗದ ಎಳೆದುಕೊಂಡು ಪೆನ್ನು ತೆಗೆದರು. ನನಗೆ ಹೆದರಿಕೆ, ಬರೀ ಹೆದರಿಕೆ.

“ಇಟ್ಟಿದ್ದು ನಾನು,” ಎಂದೆ ಕೊನೆಗೆ. “ನಾನಿಟ್ಟಿದ್ದು ಅಂತ ಅವಳಿಗೆ ಗೊತ್ತೇ ಇಲ್ಲ.”

ಡಾಕ್ಟರು ಕೆಟಲಿನ ಕಡೆ ತಿರುಗಿದರು. ಮೂರು ವಾರ ಅದೇ ಕೆಟಲಿನ ನೀರು ತಾವೂ ಹೀರಿದ್ದು ನೆನಪಾಯಿತೇನೋ, ಪೆನ್ನು ಜೇಬಿಗೆ ಹೋಯಿತು. “ಸೋಮವಾರ ಉರುಳೆ ಹತ್ರ ಬಾ, ನೊಯೇಲಿ. ಮೊದಲಿಂದ ಶುರು ಮಾಡೋಣ. ಇರಿನೇವು, ನೀನು ಆ ಪ್ಲಗ್ ರಿಪೇರಿ ಮಾಡ್ಸು.”

ಹೊರಗೆ ಬಂದು ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

“ನೀನು ಇಡೋದು ಅವತ್ತೇ ನೋಡಿದ್ದೆ ಕಣೋ, ಅದರ ಆವಿಯಿಂದ ಹೀಗಾಗ್ತಿದೆ ಅಂತ ಹೊಳೆದಿದ್ದು ಮಾತ್ರ ಇವತ್ತು,” ಎಂದಳು.

“ಮತ್ಯಾಕೆ ನಿನ್ನ ಮೇಲೆ ಹಾಕ್ಕೊಂಡೆ? ಉರುಳೆ ಕೈತಪ್ಪಿದ್ರೆ?”

“ತಪ್ತಿತ್ತು,” ಎಂದಳು. “ಆದ್ರೆ ನೀನು ಬಾಯಿ ಬಿಡ್ತೀಯೋ ಇಲ್ವೋ ಅಂತ ನನಗೆ ಗೊತ್ತಾಗ್ಲೇಬೇಕಿತ್ತು.”