ಎಡಗೈಗೆ ಕಟ್ಟಿದ ಕಣ್ಣಿ

ನಾನು ಹೊಡೆಯುವವಳು. ಈಗ ಕೈ ನಡುಗುತ್ತದೆ, ಹೊಡೆದರೆ ನೊಣವೂ ಸಾಯುವುದಿಲ್ಲ, ಆ ಮಾತು ಬೇರೆ. ಹನ್ನೆರಡನೆಯ ವಯಸ್ಸಿನಲ್ಲಿ ನನ್ನ ಏಟು ಹೇಗಿತ್ತು ಅನ್ನುವುದು ತಿಂದವರಿಗೇ ಗೊತ್ತು. ಹೆಚ್ಚಾಗಿ ತಿಂದವಳು ಒಬ್ಬಳೇ, ನನ್ನ ತಂಗಿ. ಅವಳಿಗಾಗ ಏಳು ವರ್ಷ.

ಕುಶಾಲನಗರದ ಹತ್ತಿರ, ಹೊಳೆಯಿಂದ ನಾಲ್ಕು ಗದ್ದೆ ಈಚೆಗೆ ನಮ್ಮ ಮನೆ. ಹೊಳೆ ದಾಟಿದರೆ ಮೈಸೂರು ರಾಜ್ಯ, ಈಚೆ ಕೊಡಗು ರಾಜ್ಯ, ಆಗ ಎರಡಕ್ಕೂ ಬೇರೆ ಬೇರೆ ಸರ್ಕಾರ. ಅಪ್ಪ ಅವ್ವ ಹಾಸನದ ಕಡೆಯಿಂದ ಬಂದು ಅಲ್ಲಿ ಬೇಸಾಯ ಹೂಡಿದವರು. ಬೆಳಿಗ್ಗೆ ಹೊಲಕ್ಕೆ ಹೋದರೆ ಹೊತ್ತು ಇಳಿದ ಮೇಲೆಯೇ ಬರುತ್ತಿದ್ದುದು. ಮನೆ, ಹಟ್ಟಿ, ಒಲೆ, ತಂಗಿ, ಎಲ್ಲ ನನ್ನ ತಲೆಗೆ.

ತಂಗಿಗೆ ಕೂಸಾಗಿದ್ದಾಗಿನಿಂದ ಇಸುಬು. ಎರಡೂ ಮೊಣಕೈಗಳ ಒಳಮಡಿಕೆಯಲ್ಲಿ ಚರ್ಮ ಕೆಂಪಾಗಿ, ಬಿರಿದು, ನೀರು ಸೋರುತ್ತಿತ್ತು. ನವೆ ಅಂದರೆ ಅಂಥಿಂಥ ನವೆಯಲ್ಲ. ರಕ್ತ ಬರುವ ತನಕ ಕೆರೆಯುವಳು, ರಕ್ತ ಬಂದ ಮೇಲೂ ಕಣ್ಣು ಮುಚ್ಚಿಕೊಂಡು ಕೆರೆಯುವಳು. ಆಗ ಅವಳ ಮುಖದ ಮೇಲೆ ಒಂದು ಸುಖ ಕಾಣುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿದ್ದುದು ಆ ಸುಖ ನೋಡಿಯೇ. ಒಮ್ಮೆ ಬಚ್ಚಲ ಹಂಡೆಯಿಂದ ಕುದಿಯುವ ನೀರನ್ನು ಚೊಂಬಿನಲ್ಲಿ ತೆಗೆದು ಮೊಣಕೈಗೆ ಸುರಿದುಕೊಂಡಳು. ಬೊಬ್ಬೆ ಎದ್ದಿತು. ನಾನು ಓಡಿಬಂದರೆ, ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ, "ನವೆ ನಿಂತೋಯ್ತಕ್ಕ" ಅಂದಳು.

ಸಂಜೆ ಬಂದ ಕೂಡಲೇ ಅವ್ವ ಅವಳ ತೋಳು ತಿರುಗಿಸಿ ನೋಡುವಳು. ಹೊಸ ರಕ್ತ ಕಂಡರೆ ಏಟು ನನಗೆ. "ನಿನ್ನ ಸ್ಕೂಲು ಬಿಡಿಸಿ ಮನೇಲಿಟ್ಟಿರೋದು ಯಾತಕ್ಕೆ? ಅವಳು ಕೆರ್ಕಳ್ದಂಗೆ ನೋಡ್ಕಳಾಕೆ ತಾನೆ?" ಅವ್ವನ ಕೈ ಸೋತರೆ ಅಪ್ಪ ಹುಣಸೆ ಬರಲಿನ ಕಡ್ಡಿ ತೆಗೆದುಕೊಳ್ಳುತ್ತಿದ್ದ. ಬೆನ್ನಿನ ಮೇಲೆ ಎದ್ದ ಬಾಸುಂಡೆ ಮಾರನೆಯ ದಿನ ನೀರು ಹೊರುವಾಗ ಚುರುಗುಟ್ಟುತ್ತಿತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ನಮ್ಮ ಮನೆಯ ಕೊತ್ತಿ ನನ್ನ ತಂಗಿ. ಮುದ್ದೆ ತಿರುವುವ ಕೋಲಿನಿಂದ ಅವಳ ಬೆರಳ ಗಂಟುಗಳಿಗೇ ಗುರಿಯಿಟ್ಟು ಹೊಡೆಯುತ್ತಿದ್ದೆ. ಒಂದು ಸಲ ಕಿರುಬೆರಳು ಊದಿಕೊಂಡು ವಾರ ಮಡಿಸಲಾಗಲಿಲ್ಲ.

ಹೊಡೆದರೂ ಕೆರೆಯುವುದು ನಿಲ್ಲಲಿಲ್ಲ. ಕಡೆಗೆ ಹಟ್ಟಿಯಿಂದ ಕರು ಕಟ್ಟುವ ಕಣ್ಣಿ ತಂದೆ. ಎರಡೂ ಕೈ ಸೇರಿಸಿ ಜಗಲಿಯ ಕಂಬಕ್ಕೆ ಬಿಗಿದೆ. ಅವ್ವ ಅದನ್ನು ನೋಡಿ, "ಉಣ್ಣೋ ಕೈಯ ಕಟ್ಟಬ್ಯಾಡ ಕಣೆ, ಅನ್ನ ಮುನಿಸ್ಕತದೆ. ಎಡಗೈ ಕಟ್ಟು, ಅದ್ಯಾತಕ್ಕೆ ಬೇಕು" ಅಂದಳು. ಸರಿ ಅನ್ನಿಸಿತು. ಅಂದಿನಿಂದ ಬಲಗೈ ಬಿಟ್ಟು ಎಡಗೈ ಮಾತ್ರ ಕಟ್ಟಿದೆ. ಬೆಳಿಗ್ಗೆ ಅಪ್ಪ ಅವ್ವ ಹೊರಟರೆಂದರೆ ಕಣ್ಣಿ ಬೀಳುವುದು, ಅವರು ಬರುವ ಹೊತ್ತಿಗೆ ಬಿಚ್ಚುವುದು. ಅವಳು ಹಲ್ಲಿನಿಂದ ಗಂಟು ಬಿಚ್ಚಲು ಕಲಿತಳು. ನಾನು ಹಗ್ಗಕ್ಕೆ ಒಣಮೆಣಸಿನಕಾಯಿ ಅರೆದು ಬಳಿದೆ. ಆ ಖಾರ ಬಾಯಿಂದ ಬಲಗೈಗೆ, ಬಲಗೈಯಿಂದ ಎಡ ಮೊಣಕೈಯ ಗಾಯಕ್ಕೆ ಹೋಯಿತು. ಅವತ್ತು ಅವಳು ಅರಚಿದ ಅರಚಾಟಕ್ಕೆ ಕಟ್ಟಿದ್ದ ಎತ್ತು ಬೆದರಿ ಗೂಟ ಕಿತ್ತುಕೊಂಡು ಹೋಯಿತು. ನಾನು ಎತ್ತಿನ ಹಿಂದೆ ಓಡಿದೆ, ಅವಳ ಕೈ ತೊಳೆಯಲಿಲ್ಲ.

ಆ ಗಾಯ ಕೀವಾಗಿ ಜ್ವರ ಬಂದಾಗ ಅಪ್ಪ ಅವಳನ್ನು ಮಡಿಕೇರಿಗೆ ಕರೆದುಕೊಂಡು ಹೋದ. ಎತ್ತಿಕೊಳ್ಳಲು, ಕಕ್ಕಿದರೆ ಒರೆಸಲು ನಾನೂ ಜೊತೆಗೆ. ಬಸ್ಸು ಬೆಟ್ಟ ಹತ್ತಿದಷ್ಟೂ ಅವಳು ನನ್ನ ಮಡಿಲಲ್ಲಿ ಕೈ ಉಜ್ಜುತ್ತಿದ್ದಳು, ನಾನು ಅಪ್ಪನಿಗೆ ಕಾಣದಂತೆ ಅವಳ ತೊಡೆ ಚಿವುಟುತ್ತಿದ್ದೆ.

ಅಲ್ಲಿನ ಡಾಕ್ಟರು ಕೊಡವರು, ಮದರಾಸಿನಲ್ಲಿ ಓದಿ ಬಂದವರು. ಇಂಥದೇ ಇಸುಬಿನ ಮಕ್ಕಳನ್ನು ಸೇರಿಸಿಕೊಂಡು ಒಂದು ಪರೀಕ್ಷೆ ನಡೆಸುತ್ತಿದ್ದರು. ಹೊರದೇಶದಿಂದ ಹೊಸ ಮುಲಾಮೊಂದು ಬಂದಿತ್ತು. ಅದು ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಪರೀಕ್ಷೆಯ ಪಟ್ಟಿಯಲ್ಲಿದ್ದ ಮಕ್ಕಳಿಗೆ ಮಾತ್ರ. ಮೊದಲು ಕೀವು ಒಣಗಿಸಿ, ಆಮೇಲೆ ತಂಗಿಯ ಹೆಸರು ಬರೆದುಕೊಂಡು ಎರಡು ಡಬ್ಬಿ ಕೊಟ್ಟರು. ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ.

"ಕೆಂಪು ದಾರದ್ದು ಎಡಗೈಗೆ, ಬಿಳಿದು ಬಲಗೈಗೆ. ಅದಲು ಬದಲು ಮಾಡಬಾರದು. ಒಂದರಲ್ಲಿ ಮದ್ದು ಉಂಟು, ಒಂದರಲ್ಲಿ ಬರೀ ಜಿಡ್ಡು. ಯಾವುದು ಎಂತ ಅಂತ ನನಗೂ ಗೊತ್ತಿಲ್ಲ. ಕಾಂಪೌಂಡರ್ ಬರೆದು ಲಕೋಟೆಯಲ್ಲಿ ಅಂಟಿಸಿ ಇಟ್ಟಿದ್ದಾನೆ" ಅಂದರು.

"ನಿಮಗೇ ಗೊತ್ತಿಲ್ದಿದ್ರೆ ಹೆಂಗೆ ಡಾಕ್ಟ್ರೇ?" ಎಂದು ನಾನು ಕೇಳಿಬಿಟ್ಟೆ. ಅಪ್ಪ ಕಣ್ಣು ಕೆಕ್ಕರಿಸಿದ.

ಅವರು ನಕ್ಕರು. "ಗೊತ್ತಿದ್ದರೆ ನನ್ನ ಕಣ್ಣೇ ನನಗೆ ಸುಳ್ಳು ಹೇಳ್ತದೆ. ನೋಡು, ಮೈ ಒಂದೇ, ಊಟ ಒಂದೇ, ನವೆ ಒಂದೇ. ಎರಡು ಕೈಗೂ ಬೇರೆ ಇರೋದು ಡಬ್ಬಿ ಮಾತ್ರ. ಆಗ ಯಾವ ಕೈ ವಾಸಿಯಾಗ್ತದೋ ಆ ಡಬ್ಬಿಯಲ್ಲಿ ಮದ್ದಿದೆ."

ನನಗೆ ಅಕ್ಷರ ಬರುತ್ತದೆಂದು ತಿಳಿದು ಒಂದು ನೋಟ್‌ಬುಕ್ ಕೊಟ್ಟರು. ದಿನವೂ ಎಡಗೈ ಹೇಗಿದೆ, ಬಲಗೈ ಹೇಗಿದೆ, ಕೈಗಳಿಗೆ ಏನೇನಾಯಿತು, ಎಲ್ಲ ಬರೆಯಬೇಕು. ಶಾಲೆ ಬಿಟ್ಟವಳಿಗೆ ಹೊಸ ನೋಟ್‌ಬುಕ್ ಸಿಕ್ಕಿತೆಂದರೆ ಕೇಳಬೇಕೇ. ಬಸ್ಸಿನುದ್ದಕ್ಕೂ ಅದನ್ನು ಮೂಸುತ್ತಾ ಬಂದೆ.

ಬರೆದೆ. ಎಡ: ಕೆಂಪು, ನೀರು. ಬಲ: ಕೆಂಪು. ಎಡ: ರಕ್ತ. ಬಲ: ಒಣಗಿದೆ. ಕಣ್ಣಿಯ ವಿಷಯ ಬರೆಯಲಿಲ್ಲ. ಮುಚ್ಚಿಟ್ಟೆ ಅಂದುಕೊಳ್ಳಬೇಡಿ. ಕಣ್ಣಿ ಮದ್ದಲ್ಲವಲ್ಲ. ಬೆಳಿಗ್ಗೆ ಮುಖ ತೊಳೆದದ್ದನ್ನು ಯಾರಾದರೂ ಬರೆಯುತ್ತಾರೆಯೇ, ಹಾಗೆ. ಎಡಗೈಗೆ ಕೆಂಪು ದಾರದ ಡಬ್ಬಿಯಿಂದ ಹಚ್ಚಿ, ಬಲಗೈಗೆ ಬಿಳಿಯದರಿಂದ ಹಚ್ಚಿ, ಎಡ ಮಣಿಕಟ್ಟಿಗೆ ಕಣ್ಣಿ ಬಿಗಿದು ಒಲೆಯ ಮುಂದೆ ಹೋಗುತ್ತಿದ್ದೆ.

ಕೆಲವು ವಾರಗಳಲ್ಲಿ ಬಲ ಮೊಣಕೈ ನುಣ್ಣಗಾಯಿತು. ಎಡಗೈ ಮಾತ್ರ ಹಾಗೇ ಹಸಿ ಮಾಂಸ. ಬಿಳಿ ದಾರದ್ದೇ ಮದ್ದು ಎಂದು ಅವ್ವ ಅದಕ್ಕೆ ಕುಂಕುಮ ಇಟ್ಟಳು.

ಮತ್ತೆ ಮಡಿಕೇರಿಗೆ ಹೋದೆವು. ಡಾಕ್ಟರು ನೋಟ್‌ಬುಕ್ ಓದಿದರು, ಕೈಗಳನ್ನು ಬೆಳಕಿಗೆ ಹಿಡಿದು ನೋಡಿದರು, ಲಕೋಟೆ ಹರಿದರು. ಒಳಗಿನ ಚೀಟಿಯನ್ನು ಎರಡು ಸಲ ಓದಿದರು.

"ಕೆಂಪು ದಾರದ್ದೇ ಮದ್ದು" ಅಂದರು. "ಬಿಳಿದು ಬರೀ ಜಿಡ್ಡು. ಉಳಿದ ಮಕ್ಕಳಿಗೆಲ್ಲ ಮದ್ದು ಹಿಡಿದಿದೆ. ಈ ಮಗುವಿಗೆ ಮಾತ್ರ ತಿರುಗಾಮುರುಗಾ. ಇವಳಿಗೆ ಇದು ಹಿಡಿಯೋದಿಲ್ಲ ಅಂತ ಕಾಣ್ತದೆ. ಹಿಡಿಯದ ಮೇಲೆ ಇಲ್ಲಿ ಕೊಟ್ಟು ಪ್ರಯೋಜನ ಇಲ್ಲ, ಕಾಯ್ತಾ ಇರುವ ಮಕ್ಕಳಿದ್ದಾರೆ. ಪಟ್ಟಿಯಿಂದ ಹೆಸರು ತೆಗೀತೇನೆ."

ಹೆಸರು ತೆಗೆದರೆ ಮುಲಾಮಿಲ್ಲ. ಮುಲಾಮಿಲ್ಲದಿದ್ದರೆ ಮುಂದೂ ಅದೇ ಕಂಬ, ಅದೇ ಕಣ್ಣಿ, ಅದೇ ಕೋಲು. 

ಹೆಸರಿನ ಮೇಲೆ ಪೆನ್ನು ಇಡುವ ಮೊದಲು ಡಾಕ್ಟರು ಇನ್ನೊಮ್ಮೆ ಅವಳ ಎಡಗೈ ಎತ್ತಿದರು. ಬಳೆ ಸರಿಯಿತು. ಮಣಿಕಟ್ಟಿನ ಸುತ್ತ ಚರ್ಮ ಎತ್ತಿನ ಹೆಗಲಿನಂತೆ ಜಡ್ಡುಗಟ್ಟಿತ್ತು.

"ಇದೆಂತ?"

ತಂಗಿ ಅವರನ್ನು ನೋಡಲಿಲ್ಲ, ಗಾಯ ನೋಡಲಿಲ್ಲ, ನನ್ನ ಮುಖ ನೋಡಿದಳು. "ನಾನೇ ಕಟ್ಕಂಡೆ" ಅಂದಳು.

"ಎಂತದರಲ್ಲಿ?"

"ಕಣ್ಣೀಲಿ."

ಡಾಕ್ಟರು ಮೇಜಿನ ಮೇಲಿದ್ದ ಬ್ಯಾಂಡೇಜು ಬಟ್ಟೆಯ ತುಂಡೊಂದನ್ನು ಅವಳ ಮುಂದಿಟ್ಟರು. "ಕಟ್ಟಿ ತೋರಿಸು ಮಗೂ."

ಅವಳು ಬಟ್ಟೆಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಲಗೈಯಿಂದ ಎಡಗೈಗೆ ಸುತ್ತಿದಳು. ಬಿಚ್ಚಿಹೋಯಿತು. ಮತ್ತೆ ಸುತ್ತಿದಳು. ಗಂಟು ಬೀಳಲಿಲ್ಲ. ಜೊಲ್ಲು ಸುರಿದು ಬಟ್ಟೆ ಒದ್ದೆಯಾಯಿತು. ಅಳಲಿಲ್ಲ, ನಿಲ್ಲಿಸಲೂ ಇಲ್ಲ, ಪ್ರತಿ ಸಲ ಬಿಚ್ಚಿಕೊಂಡಾಗ ನನ್ನ ಕಡೆ ಒಮ್ಮೆ ನೋಡಿ ಮತ್ತೆ ಸುತ್ತುವಳು. ನನ್ನನ್ನು ಕಾಪಾಡಬೇಕೆಂಬ ಪ್ರೀತಿಯಲ್ಲ ಅದು. ನನ್ನ ಮೇಲಿನ ಭಯ. ನವೆಗೆ ಹೆದರದ ಮಗು, ಕುದಿಯುವ ನೀರಿಗೆ ಹೆದರದ ಮಗು, ನನಗೆ ಅಷ್ಟು ಹೆದರಿತ್ತು. ಅದನ್ನು ನೋಡಿ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

"ನಾನು ಕಟ್ಟಿದ್ದು ಡಾಕ್ಟ್ರೇ" ಅಂದೆ. "ದಿನಾ ಕಟ್ತೀನಿ. ಎಡಗೈ ಮಾತ್ರ."

ಮಾತು ಮುಗಿಯುವ ಮುನ್ನವೇ ಬಾಗಿಲಲ್ಲಿ ನಿಂತಿದ್ದ ಅಪ್ಪ ಬಂದು ನನ್ನ ಕೆನ್ನೆಗೆ ಬಾರಿಸಿದ. ಕಿವಿ ಗುಂಯ್ ಅಂದಿತು. "ಮನೆ ಮಾತ ಇಲ್ಲಿ ತಂದು ಸುರೀತೀಯಾ?" ಎಂದು ಇನ್ನೊಂದಕ್ಕೆ ಕೈ ಎತ್ತಿದ. ಕಟ್ಟಿದ್ದಕ್ಕಲ್ಲ ಏಟು, ಹೇಳಿದ್ದಕ್ಕೆ. ಆ ಕೋಪ ನನಗೆ ಇವತ್ತಿಗೂ ಆರಿಲ್ಲ.

ಡಾಕ್ಟರು ಎದ್ದು ಅಪ್ಪನ ಮಣಿಕಟ್ಟು ಹಿಡಿದರು. ಆಮೇಲೆ ತಮ್ಮ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನನ್ನ ಮುಂದೆ ನಿಂತರು.

"ನೋಡು. ನನ್ನ ಎಡಗೈ ಕಟ್ಟಿದ್ದೀ. ಈಗ ನನ್ನ ಬಲ ಮೊಣಕೈ ಕೆರೆಯೋದು ಯಾವ ಕೈ?"

ಯಾವ ಕೈಯೂ ಇರಲಿಲ್ಲ. ಬಲ ಮೊಣಕೈಯನ್ನು ಕೆರೆಯುವುದು ಎಡಗೈ, ಅದನ್ನು ನಾನು ಕಟ್ಟಿದ್ದೆ. ಬಿಟ್ಟಿದ್ದ ಬಲಗೈ ದಿನವಿಡೀ ಎಡ ಮೊಣಕೈಯನ್ನು ಕಿತ್ತು ತಿಂದಿತ್ತು. ಜಿಡ್ಡು ಹಚ್ಚಿದ ಕೈಯನ್ನು ವಾಸಿ ಮಾಡಿದ್ದು ಕಣ್ಣಿ, ಮದ್ದು ಹಚ್ಚಿದ ಕೈಯನ್ನು ಹಾಳು ಮಾಡಿದ್ದು ಉಣ್ಣುವ ಕೈ.

"ಇನ್ನೊಂದು ಸಲ ಮೊದಲಿಂದ" ಅಂದರು ಡಾಕ್ಟರು. ಅಪ್ಪನ ಕಡೆ ತಿರುಗಿ, "ಯಾವ ಕೈಯನ್ನೂ ಕಟ್ಟಬಾರದು. ಈ ಮಗುವಿಗೆ ಯಾರೂ ಹೊಡೆಯಬಾರದು, ಇದರ ಅಕ್ಕನಿಗೂ ಹೊಡೆಯಬಾರದು. ಹೊಡೆದರೆ ಪಟ್ಟಿಯಲ್ಲಿ ಹೆಸರಿರೋದಿಲ್ಲ" ಅಂದರು. ನನಗೆ ಹೇಳಿದ್ದು ಒಂದೇ ಮಾತು. "ಕೈ ಮಾಡಿದ್ದೆಲ್ಲ ಬರಿ. ನಿನ್ನ ಕೈ ಮಾಡಿದ್ದೂ ಬರಿ."

ಮೊದಲ ವಾರ ನರಕ. ಕಣ್ಣಿ ಕಳಚಿದ ಎಡಗೈ ಬಲ ಮೊಣಕೈ ಮೇಲೆ ಹಸಿದ ನಾಯಿಯ ಹಾಗೆ ಬಿತ್ತು. ನುಣ್ಣಗಾಗಿದ್ದ ಚರ್ಮವನ್ನು ಮೂರೇ ದಿನದಲ್ಲಿ ಹರಿದು ಹಾಕಿದಳು. ಉಗುರ ಸಂದಿಯಲ್ಲಿ ರಕ್ತ, ಲಂಗದ ಮೇಲೆ ರಕ್ತ. ನಾನು ಜಗಲಿಯ ಮೇಲೆ ನನ್ನ ಎರಡು ಕೈಗಳ ಮೇಲೆ ಕೂತು ನೋಡುತ್ತಿದ್ದೆ. ಒಂದು ಮಧ್ಯಾಹ್ನ ತಡೆಯಲಾರದೆ ಎದ್ದು ಮುದ್ದೆ ಕೋಲನ್ನು ಕಂಬಕ್ಕೆ ಬಡಿದು ಬಡಿದು ಎರಡು ತುಂಡು ಮಾಡಿದೆ. ಅದನ್ನೂ ಬರೆದೆ. ಅವ್ವ ಕೋಲಿಲ್ಲದೆ ಮುದ್ದೆ ಹೇಗೆ ತಿರುವುವುದೆಂದು ಬೈದಳು, ಆದರೆ ಹೊಡೆಯಲಿಲ್ಲ.

ಎರಡನೆಯ ವಾರ ಎಡ ಮೊಣಕೈಯ ನೀರು ನಿಂತಿತು. ಮೂರನೆಯ ವಾರ ಹಕ್ಕಳೆ ಉದುರಿತು. ಬಲಗೈ ಆಗಾಗ ಅಲ್ಲಿಗೆ ಹೋಗಿ, ಹುಡುಕಿದ್ದು ಸಿಗದೆ ವಾಪಸು ಬರುತ್ತಿತ್ತು. ಆ ಜಾಗದಲ್ಲಿ ನವೆಯೇ ಇರಲಿಲ್ಲ. ನಾನು ಮುಟ್ಟಿ ನೋಡಿದೆ, ಅವಳು ಬೆಚ್ಚಿಬಿದ್ದು ಕೈ ಎಳೆದುಕೊಂಡಳು.

ಮಡಿಕೇರಿಗೆ ಹೋಗುವ ಹಿಂದಿನ ದಿನ ಅವಳು ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ಎಡಗೈ ಎದ್ದು ಬಲ ಮೊಣಕೈ ಕಡೆಗೆ ಹೊರಟಿತು. ನಾನು ಯೋಚನೆ ಮಾಡಲಿಲ್ಲ, ಹಳೆಯ ಅಭ್ಯಾಸ, ಹೋಗಿ ಆ ಜಡ್ಡುಗಟ್ಟಿದ ಮಣಿಕಟ್ಟನ್ನೇ ಗಬಕ್ಕನೆ ಹಿಡಿದೆ.

ಅವಳು ಕೈ ಕಿತ್ತುಕೊಂಡು ನನ್ನ ಕೆನ್ನೆಗೆ ಬಾರಿಸಿದಳು. ಎಡಗೈಯಲ್ಲಿ. ಏಳು ವರ್ಷದ ಕೈಗೆ ಅಷ್ಟು ಬಲ ಇರುತ್ತದೆಂದು ನನಗೆ ತಿಳಿದಿರಲಿಲ್ಲ. ನನ್ನ ಕೈ ತಾನಾಗಿ ಮೇಲಕ್ಕೆ ಹೋಯಿತು. ಅವಳು ತಲೆ ಬಗ್ಗಿಸಿ, ಕಣ್ಣು ಮುಚ್ಚಿಕೊಂಡು ಕಾದಳು. ನಾನು ಕೈ ಇಳಿಸಿ ಒಳಗೆ ಹೋಗಿ ನೋಟ್‌ಬುಕ್ ತಂದೆ. ಅವಳು ಒಂದು ಕಣ್ಣು ತೆರೆದು ನಾನು ಬರೆಯುವುದನ್ನು ನೋಡುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಅದಕ್ಕೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದೆ.

"ಎಡ ಮೊಣಕೈ ವಾಸಿಯಾಗಿದೆ. ಬಲ ಮೊಣಕೈ ರಕ್ತ. ಎಡಗೈ ಒಂದು ಸಲ ಅಕ್ಕನಿಗೆ ಹೊಡೆಯಿತು. ಅಕ್ಕ ಹೊಡೆಯಲಿಲ್ಲ."