ಮದುವೆ ಫೋಟೋಗಿಂತ ಮೊದಲು

"ಈ ಹಾರ್ಡ್ ಡಿಸ್ಕ್ ಯಾವಾಗ ಬೇಕಾದ್ರೂ ನಿಲ್ತೈತ್ರಿ. ಮೊದ್ಲು ಏನು ತೆಗೀಲಿ, ಹೇಳ್ರಿ" ಎಂದೆ. ಹೊಸಪೇಟೆಯ ನನ್ನ ರಿಪೇರಿ ಅಂಗಡಿಗೆ ಕಮಲಾಪುರದ ಹೆಣ್ಣುಮಗಳೊಬ್ಬರು ಮನೆಯ ಕಂಪ್ಯೂಟರ್ ತಂದಿದ್ದರು. ಡಿಸ್ಕ್ ಒಳಗಿಂದ ಟಕ್ ಟಕ್ ಎನ್ನುತ್ತಿತ್ತು. ಎಲ್ಲರಂತೆ ಇವರೂ ಮದುವೆ ಫೋಟೋ ಕೇಳುತ್ತಾರೆಂದು ಆ ಫೋಲ್ಡರನ್ನೇ ತೆರೆದು ಕುಳಿತಿದ್ದೆ.

"ಅದು ಆಮ್ಯಾಲೆ ಇರ್ಲಿರಿ. ತೀರಿಹೋದ ನಮ್ಮತ್ತಿ ನನ್ನ ಬೈಯೋ ವಿಡಿಯೊ ಒಂದೈತಿ, ಮೊದ್ಲು ಅದನ್ನ ತೆಗೀರಿ. ಫೋಟೋದಾಗ ಎಲ್ಲಾ ಕಡೆ ಸುಮ್ಮನ ನಿಂತಾರ. ಅವ್ರು ಹಂಗ ಯಾವತ್ತೂ ಇದ್ದಿಲ್ರಿ."

ವಿಡಿಯೊ ಪೂರ್ತಿ ನಕಲಾಯಿತು. ಸರಿಯಾಗಿ ಬಂದಿದೆಯೇ ಎಂದು ಹಾಕಿ ನೋಡಿದೆ. ಹೊತ್ತಿಹೋದ ರೊಟ್ಟಿಯ ಸಲುವಾಗಿ ಅತ್ತೆ ಸೊಸೆಯನ್ನು ಬೈಯುವ ದೊಡ್ಡ ದನಿ ಅಂಗಡಿಯ ತುಂಬ ಕೇಳಿಸಿತು. ಪಕ್ಕದ ಸ್ಟೂಲಿನಲ್ಲಿ ಕುಳಿತಿದ್ದ ಆಕೆ ತಟ್ಟನೆ ಎದ್ದು ನಿಂತರು. ಕೈ ತಾನಾಗಿಯೇ ಹೋಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು.

ಮದುವೆಯ ಫೋಟೋಗಳು ಅರ್ಧ ಬರುವಷ್ಟರಲ್ಲಿ ಡಿಸ್ಕ್ ನಿಂತೇಹೋಯಿತು. ಆಕೆ ಬೇಸರಪಟ್ಟಂತೆ ಕಾಣಲಿಲ್ಲ. ಈ ಕೆಲಸದಲ್ಲಿ ಎಷ್ಟೋ ಜನರ ನಗುಮುಖಗಳನ್ನು ಉಳಿಸಿಕೊಟ್ಟಿದ್ದೇನೆ. ಬೈಗುಳ ಉಳಿಸಿಕೊಟ್ಟದ್ದು ಅದೊಂದೇ ಸಲ.