ನಡು ಬೇಯದ ಪುಡ್ಡಿಂಗ್

ನನ್ನ ಕೈಯಲ್ಲಿ ಪುಡ್ಡಿಂಗ್ ಕೆಟ್ಟದ್ದು ಒಂದೇ ಸಲ, ಅದೂ ಕೆಡಬಾರದ ದಿನ. ಆದರೂ ಆ ದಿನಕ್ಕಾಗಿ ಅಲ್ಲಾಹನಿಗೆ ಇವತ್ತಿಗೂ ಶುಕ್ರು ಹೇಳುತ್ತೇನೆ.

ಕುಣಿಗಲ್‌ನಲ್ಲಿ ನನ್ನ ತಂದೆ ಕುದುರೆ ಸಾಕುವ ದೊಡ್ಡವರೊಬ್ಬರ ಬಂಗಲೆಯಲ್ಲಿ ಅಡುಗೆ ಮಾಡುತ್ತಿದ್ದರು. ಪುಡ್ಡಿಂಗ್ ನಮ್ಮ ಮನೆಗೆ ಬಂದದ್ದು ಅಲ್ಲಿಂದ. ಡಬ್ಬಿಯ ತಳದಲ್ಲಿ ಸಕ್ಕರೆ ಕರಗಿಸಬೇಕು. ಅದು ಜೇನಿನ ಬಣ್ಣ ದಾಟಿ ಚಹಾದ ಬಣ್ಣಕ್ಕೆ ತಿರುಗಿದ ಕೂಡಲೇ ಇಳಿಸಬೇಕು, ತಡವಾದರೆ ಕಹಿ. ಅದರ ಮೇಲೆ ಮೊಟ್ಟೆ ಕಲಸಿದ ಹಾಲು ಸುರಿದು, ಮುಚ್ಚಳ ಬಿಗಿದು, ಕುದಿಯುವ ನೀರಿನಲ್ಲಿ ಕೂರಿಸಿ, ಅಲುಗಾಡದಂತೆ ಮೇಲೊಂದು ಕಲ್ಲು ಹೇರಬೇಕು. ರಂಜಾನಿನಲ್ಲಿ ರೋಜಾ ಹಿಡಿದು ಉಪವಾಸವಿದ್ದಾಗ ರುಚಿ ನೋಡುವಂತಿಲ್ಲ. ನನಗೆ ನೋಡಬೇಕಾಗಿಯೂ ಇರಲಿಲ್ಲ, ಸಕ್ಕರೆ ಎಲ್ಲಿಗೆ ಬಂತೆಂದು ಮೂಗೇ ಹೇಳುತ್ತಿತ್ತು.

ಎಪ್ಪತ್ತರ ದಶಕದ ಕೊನೆ. ಮದುವೆಯಾಗಿ ತುಮಕೂರಿಗೆ ಬಂದ ಮೇಲೆ ಅದು ನನ್ನ ನಾಲ್ಕನೆಯ ರಂಜಾನ್. ನಾದಿನಿಯನ್ನು ಗುಬ್ಬಿಗೆ ಕೊಟ್ಟಿದ್ದೆವು, ಅವಳಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗುವುದು ನಮ್ಮಲ್ಲಿ ವಾಡಿಕೆ. ಆದರೆ ಅವಳ ಅತ್ತೆ ಕಳಿಸಲು ಒಪ್ಪಿರಲಿಲ್ಲ. ನಾದಿನಿಯ ಮದುವೆಯ ದಿನ ಅವರು ಊಟಕ್ಕೆ ಕೂತ ಹೊತ್ತಿಗೆ ಸಿಹಿ ಮುಗಿದಿತ್ತು. ಗಂಡಿನ ತಾಯಿಗೇ ಸಿಹಿ ಇಲ್ಲ! ನಮ್ಮ ಅತ್ತೆ ಅದನ್ನು ಬಡಿಸುವವರ ತಲೆಗೆ ಕಟ್ಟಿ ಸುಮ್ಮನಾಗಿದ್ದರು. ಆಮೇಲೆ ಎರಡೂ ಮನೆಯಲ್ಲಿ ಆ ಮಾತು ಯಾರೂ ಎತ್ತಲಿಲ್ಲ, ಯಾರೂ ಮರೆಯಲೂ ಇಲ್ಲ.

ಆ ಬೀಗಿತಿ ಇಫ್ತಾರ್‌ಗೆ ಬರಲು ಒಪ್ಪಿದ್ದೇ ದೊಡ್ಡದು. ಸೊಸೆಯನ್ನು ಕರೆತರುತ್ತೇನೆ, ಕರೆದುಕೊಂಡೇ ವಾಪಸ್ ಹೋಗುತ್ತೇನೆ ಎಂದು ಮೊದಲೇ ಹೇಳಿಕಳಿಸಿದ್ದರು. ಅವಳು ಇಲ್ಲೇ ಉಳಿಯಲಿ ಎಂದು ನಮ್ಮತ್ತೆ ಐದೂ ನಮಾಜಿನಲ್ಲಿ ಬೇಡಿಕೊಂಡರು. ಸಿಹಿ ಮಾತ್ರ ಕಡಿಮೆಯಾಗಬಾರದು ಎಂದು ನನಗೆ ನಾಲ್ಕು ಸಲ ಹೇಳಿದರು.

ಸಾಮಾನ್ಯವಾಗಿ ಎರಡು ಚಿಕ್ಕ ಡಬ್ಬಿಗಳಲ್ಲಿ ಬೇಯಿಸುತ್ತಿದ್ದವಳು, ಅವತ್ತು ಹಿಟ್ಟಿನ ದೊಡ್ಡ ಡಬ್ಬಿಯನ್ನೇ ತೊಳೆದು ಇಟ್ಟೆ. ಹಿತ್ತಲ ಕೋಳಿಗಳ ಮೊಟ್ಟೆ ಸಾಲದೆ ಪಕ್ಕದ ಮನೆಯಿಂದಲೂ ತಂದೆ. ಯಾವಾಗಲಿನ ಎರಡರಷ್ಟು ಹೊತ್ತು ಬೇಯಿಸಿದೆ. ಅಂಚಿಗೆ ಕಡ್ಡಿ ಚುಚ್ಚಿದರೆ ಒಣಗಿಯೇ ಬಂತು. ನಡುವೆ ಚುಚ್ಚಿದರೆ ಹಾಲು. ಅಷ್ಟರಲ್ಲಿ ಮಸೀದಿಯಿಂದ ಅಜಾನ್ ಕೇಳಿಸಿತು.

ಖರ್ಜೂರ ತಿಂದು, ಗಂಜಿ ಕುಡಿದು, ನಮಾಜು ಮುಗಿಸಿ ಎಲ್ಲರೂ ಕೂತರು. ನಾನು ಅಂಚಿನಲ್ಲಿ ಗಟ್ಟಿಯಾದಷ್ಟನ್ನು ಕೊಯ್ದು ಬೀಗಿತಿಗೆ, ಅವರ ಮಗನಿಗೆ, ನಾದಿನಿಗೆ ಬಡಿಸಿದೆ. ನಮಗೆ ಉಳಿಯಲಿಲ್ಲ.

ಬೀಗಿತಿ ಗುಬ್ಬಿಯಲ್ಲಿದ್ದ ತಮ್ಮದೇ ಬಟ್ಟೆ ಅಂಗಡಿಯಲ್ಲಿ ಕೂತು ಹಳ್ಳಿಯವರ ಜೊತೆ ವ್ಯಾಪಾರ ಮಾಡಿದವರು. ಮನೆಯೊಳಗೂ ಅವರ ಬಾಯಲ್ಲಿ ಉರ್ದುವಿಗಿಂತ ಕನ್ನಡವೇ ಮುಂದೆ ಬರುತ್ತಿತ್ತು. ಒಂದು ಚಮಚ ತಿಂದು ನಮ್ಮ ಖಾಲಿ ತಟ್ಟೆಗಳನ್ನು ನೋಡಿದರು.

“ಯಾಕೆ, ಇವತ್ತೂ ಸಾಲ್ಲಿಲ್ವಾ?”

ನಮ್ಮತ್ತೆ ಹೊಟ್ಟೆ ತುಂಬಿದೆ ಎಂದುಬಿಟ್ಟರು. ಹದಿನಾಲ್ಕು ಗಂಟೆ ಉಪವಾಸ ಮಾಡಿ ಅಷ್ಟು ಗಂಜಿಗೆ ಯಾರ ಹೊಟ್ಟೆ ತುಂಬುತ್ತದೆ? ರೋಜಾ ಬಿಟ್ಟ ಬಾಯಲ್ಲಿ ಸುಳ್ಳು ನನಗೆ ಸರಿ ಕಾಣಲಿಲ್ಲ. ಡಬ್ಬಿಯನ್ನೇ ತಂದು ಅವರ ಮುಂದಿಟ್ಟೆ.

“ಕಮ್ಮಿ ಬಿದ್ದಿಲ್ಲ ಖಾಲಾ, ಜಾಸ್ತಿ ಆಗಿ ಕೆಟ್ಟಿದೆ. ಮದುವೇಲಿ ನಿಮಗೆ ಸಿಹಿ ಇಲ್ದಂಗೆ ಮಾಡಿದ್ವಲ್ಲ, ಅದು ನಮ್ದೇ ತಪ್ಪು. ಇವತ್ತು ಹಂಗಾಗ್ಬಾರ್ದು ಅಂತ ಇಷ್ಟು ದೊಡ್ಡ ಡಬ್ಬೀಲಿ ಇಟ್ಟೆ. ನಡು ಬೇಯ್ಲಿಲ್ಲ.”

ಅತ್ತೆ ಸೆರಗನ್ನು ಹಣೆಯವರೆಗೆ ಎಳೆದುಕೊಂಡರು. ನನ್ನ ಗಂಡ ಗೋಡೆ ನೋಡತೊಡಗಿದರು. ಬೀಗಿತಿ ಡಬ್ಬಿಯೊಳಗೆ ಇಣುಕಿದರು. ನಡುವೆ ಹಳದಿ ಹಾಲು ಕೆರೆಯಂತೆ ನಿಂತಿತ್ತು.

“ಈ ಮಾತು ಕೇಳಕ್ಕೆ ಒಂದು ವರ್ಷ ಆಯ್ತು ನೋಡಮ್ಮ ನಂಗೆ,” ಎಂದರು. ಆಮೇಲೆ, “ಇದನ್ನ ಬಿಸಾಕ್ಬೇಡ. ಚಿಕ್ಕ ಡಬ್ಬೀಗೆ ಬಗ್ಗಿಸಿ ಮತ್ತೆ ಇಡು. ಇನ್ನೊಂದು ಬಸ್ಸದೆ, ಕೂತ್ಕೋತೀನಿ.”

ಕೂತದ್ದು ಹಾಲ್‌ನಲ್ಲಲ್ಲ, ಅಡುಗೆಮನೆಯ ಮಣೆಯ ಮೇಲೆ, ನಮ್ಮತ್ತೆಯ ಪಕ್ಕದಲ್ಲಿ. ಅತ್ತೆ ಮೊದಲು ಬೆಲೆ, ಮಳೆ ಎಂದು ಏನೇನೋ ಮಾತಾಡಿದರು. ಕೊನೆಗೆ ಬೀಗಿತಿಯ ಕೈ ಹಿಡಿದು, ಅವತ್ತು ಲೆಕ್ಕ ತಪ್ಪಿದ್ದು ತಾನೇ ಎಂದರು. ನಾನು ಒಲೆಯ ಕಡೆ ತಿರುಗಿ ನಿಂತೆ. ಇಬ್ಬರು ಹಿರಿಯರು ಅಳುವುದನ್ನು ಸೊಸೆಯಾದವಳು ನೋಡಬಾರದು.

ಪುಡ್ಡಿಂಗ್ ಬೆಂದಿತು. ಅಂದಚಂದ ಇರಲಿಲ್ಲ, ಕರಗಿದ ಸಕ್ಕರೆ ಎಲ್ಲ ಕಡೆ ಕಲಸಿಹೋಗಿತ್ತು. ಎಲ್ಲರೂ ತಿಂದೆವು, ಬೀಗಿತಿ ಎರಡನೇ ಸಲ ಹಾಕಿಸಿಕೊಂಡರು. ಹೊರಡುವಾಗ ನಾದಿನಿಯೂ ಬುರ್ಖಾ ಕೈಗೆತ್ತಿಕೊಂಡಳು.

“ನೀನೆಲ್ಲಿಗೇ? ಕೂತ್ಕೋ,” ಎಂದರು ಅವಳ ಅತ್ತೆ.

ಮಾರನೆಯ ದಿನ ಅವಳ ಗಂಡ ಗುಬ್ಬಿಯಿಂದ ಬೆಳಗಿನ ಬಸ್ಸಿಗೇ ಟ್ರಂಕ್ ತಂದಿಳಿಸಿದ. ತೆರೆದು ನೋಡಿದರೆ ಬಾಣಂತನ ಮುಗಿಯುವವರೆಗೆ ಸಾಲುವಷ್ಟು ಬಟ್ಟೆ. ನಮ್ಮತ್ತೆ ಒಂದೊಂದೇ ಸೀರೆಯನ್ನು ತೆಗೆದು ತಮ್ಮ ಬೀರುವಿನಲ್ಲಿ ಜೋಡಿಸಿದರು.